ಬೂದುಗರಿಯ ಮನೆ ಎಲ್ಲಿ

ಬಲ್ಮಠದಲ್ಲಿರುವ ಇಸಿದೋರನ ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ಬೂತು, ಒಂದೇ ಮೈಕು. ಆದ್ದರಿಂದ ಅಲ್ಲಿ ಡಬ್ ಆಗುವ ಪ್ರೇಮಿಗಳು ಎದುರುಬದುರಾಗುವ ಪ್ರಶ್ನೆಯೇ ಇರಲಿಲ್ಲ. ನಾಯಕ ಶನಿವಾರ ಸಂಜೆ ಬಂದು ತನ್ನ ಮಾತಷ್ಟನ್ನೂ ಹೇಳಿ ಹೋಗುತ್ತಿದ್ದ. ನಾಯಕಿ ಭಾನುವಾರ, ಇಸಿದೋರ್ ಪೂಜೆ ಮುಗಿಸಿ ಇಗರ್ಜಿಯಿಂದ ಬಂದು ಬಾಗಿಲು ತೆರೆದ ಮೇಲೆ ಬರುತ್ತಿದ್ದಳು. ಹೆಡ್‌ಫೋನಿನಲ್ಲಿ ನಿನ್ನೆಯ ದನಿ ಕೇಳಿಸಿಕೊಂಡು, ಇಂದು ಅದಕ್ಕೆ ಉತ್ತರ ಕೊಡುತ್ತಿದ್ದಳು.

ನಾಯಕಿ ಅಕ್ಷಿತಾ. ವಾರದ ಉಳಿದ ದಿನಗಳಲ್ಲಿ ಅವಳು ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಆಡಿಯಾಲಜಿಸ್ಟ್. ಯಾರಿಗೆ ಎಷ್ಟು ಕೇಳಿಸುತ್ತದೆ ಎಂದು ಅಳೆಯುವುದು, ಕೇಳಿಸದವರಿಗೆ ಶ್ರವಣಯಂತ್ರ ಹೊಂದಿಸುವುದು ಅವಳ ಕೆಲಸ. ನಾಯಕ ಹಿತೇಶ್ ತೊಕ್ಕೊಟ್ಟಿನ ಒಂದು ಅಂಗಡಿಯಲ್ಲಿ ಫ್ರಿಜ್ಜು, ವಾಷಿಂಗ್ ಮಷಿನು ಮಾರುವವನು. ವಾಲಿಬಾಲ್ ಪಂದ್ಯಗಳಲ್ಲಿ ಕಾಮೆಂಟರಿ ಹೇಳಿ ಹೇಳಿ ಪಳಗಿದ ಅವನ ಗಂಟಲನ್ನು ಯಾವುದೋ ಮೈದಾನದಲ್ಲಿ ಕೇಳಿದ ಇಸಿದೋರ್, ಅಲ್ಲೇ ಅವನ ನಂಬರು ತೆಗೆದುಕೊಂಡಿದ್ದ.

ಕೆಲಸ ಜಪಾನಿನ ಒಂದು ಕಾರ್ಟೂನ್ ಸರಣಿಯದು. ಕಾರ್ಟೂನ್ ಎಂದರೆ ಹಿತೇಶನಿಗೆ ಸಿಟ್ಟು ಬರುತ್ತಿತ್ತು, ಅನಿಮೆ ಎನ್ನಬೇಕು. ಕರಾವಳಿಯವರ ಕನ್ನಡ ಪುಸ್ತಕದ ಹಾಗೆ ಸ್ಪಷ್ಟವಾಗಿರುತ್ತದೆ ಎಂದು ಮುಂಬೈಯ ಕಂಪನಿಯೊಂದು ಅದನ್ನು ಇಸಿದೋರನಿಗೆ ವಹಿಸಿತ್ತು. ಕಥೆಯಲ್ಲಿ ಚಿಹಾನೆ ಎಂಬ ಶಾಲಾ ಹುಡುಗಿ ಇದ್ದಾಳೆ. ನೆರಳುಗಳು ಬಂದು ಊರಿನ ದೀಪಗಳನ್ನು ನುಂಗುವಾಗ ಅವಳು ತನ್ನ ಪುಟ್ಟ ಲಾಂದ್ರವನ್ನು ಎತ್ತಿ ಮಂತ್ರ ಹೇಳುತ್ತಾಳೆ, ಶಾಲೆಯ ಸ್ಕರ್ಟು ಬೆಳಕಿನ ಉಡುಪಾಗುತ್ತದೆ, ಹೋರಾಡುತ್ತಾಳೆ, ಪ್ರತಿ ಸಲವೂ ಒಮ್ಮೆ ಬೀಳುತ್ತಾಳೆ. ಬಿದ್ದಾಗ ಬರುವವನು ಬೂದುಗರಿ. ಬೂದು ಬಣ್ಣದ ನಿಲುವಂಗಿ, ಅರ್ಧ ಮುಖಕ್ಕೆ ಕೊಕ್ಕರೆಯ ಮುಖವಾಡ. ಭಾಷಾಂತರಕಾರರು ಮೊದಲು ಅವನಿಗೆ ಬಕವೀರ ಎಂದು ಹೆಸರಿಟ್ಟಿದ್ದರು. ಬಕಾಸುರನನ್ನು ಯಾವ ಹುಡುಗಿ ಪ್ರೀತಿಸ್ತಾಳೆ ಮಾರಾಯ ಎಂದು ಇಸಿದೋರನೇ ಅದನ್ನು ಬದಲಿಸಿದ.

ಬೂದುಗರಿ ಚಿಹಾನೆಯ ತರಗತಿಯ ಹುಡುಗನೇ. ಕಿಟಕಿ ತೆರೆಯುವ ವಿಷಯಕ್ಕೆ ದಿನಾ ಅವಳ ಜೊತೆ ಜಗಳವಾಡುವ ಪಕ್ಕದ ಬೆಂಚಿನವನು. ಅದು ನೋಡುವವರಿಗೆಲ್ಲ ಗೊತ್ತು, ಅವಳಿಗೊಬ್ಬಳಿಗೆ ಗೊತ್ತಿಲ್ಲ.

ಹಿತೇಶ್ ಎತ್ತರದ ಸ್ಟೂಲಿನ ಮೇಲೆ ಕುಳಿತು ಮಾತಾಡುತ್ತಿದ್ದ. ಮಾತು ಮುಗಿದೊಡನೆ ಸ್ಟೂಲು ಒಮ್ಮೆ ಕಿರ್ ಎನ್ನುತ್ತಿತ್ತು. ಅದರ ಹಿಂದೆಯೇ, ರೆಕಾರ್ಡಿಂಗ್ ನಿಲ್ಲುವ ಮುಂಚೆ, ಅವನ ಸ್ವಂತ ದನಿಯಲ್ಲಿ ಒಂದು ತುಂಡು ಮಾತು ಬೀಳುತ್ತಿತ್ತು. ಆರಂಭದಲ್ಲಿ ಅದು ಇಸಿದೋರನಿಗೆ. ಕೆಲವು ವಾರ ಕಳೆದ ಮೇಲೆ ಅವಳಿಗೆ. "ಮುಂದಿನದು ನಿಮ್ಮದು ಕಷ್ಟದ್ದು ಉಂಟು. ನೀರು ಕುಡೀರಿ." ಕತ್ತರಿಸಿ ತೆಗೆಯಬೇಕಾದ ಆ ತುಂಡುಗಳನ್ನು ಇಸಿದೋರ್ ಭಾನುವಾರದ ತನಕ ಹಾಗೆಯೇ ಬಿಡುತ್ತಿದ್ದ. ಅಕ್ಷಿತಾ ಬೂದುಗರಿಯ ಮಾತಿಗೆ ಚಿಹಾನೆಯಾಗಿ ಉತ್ತರಿಸುತ್ತಿದ್ದಳು. ಆ ತುಂಡುಗಳಿಗೆ ಮಾತ್ರ ಉತ್ತರ ಕೊಡುವ ದಾರಿ ಇರಲಿಲ್ಲ. ಒಂದು ಶನಿವಾರ ಅವಳೇ ಸ್ಟುಡಿಯೋದ ಮೆಟ್ಟಿಲ ಬಳಿ ಹೋಗಿ ನಿಂತಳು, ಕೈಯಲ್ಲಿ ನೀರಿನ ಬಾಟಲಿ ಹಿಡಿದುಕೊಂಡು.

ಅದಾಗಿ ಒಂದೂವರೆ ವರ್ಷ. ಮಂಗಳೂರಿನಲ್ಲಿ ಇಬ್ಬರು ತುಳುವರು ಕನ್ನಡದಲ್ಲಿ ಮಾತು ತೊಡಗಿದರೆ ಅದು ಐದು ನಿಮಿಷದೊಳಗೆ ತುಳುವಿಗೆ ತಿರುಗುತ್ತದೆ. ತಿರುಗಿದ ಮೇಲಿನ ಮೊದಲ ಪ್ರಶ್ನೆ 'ಇಲ್ಲ್ ಓಲು', ಮನೆ ಎಲ್ಲಿ. ಕೇಳುವವನಿಗೆ ಬೇಕಾದದ್ದು ಬಸ್ ಸ್ಟಾಪಿನ ಹೆಸರಲ್ಲ. ಯಾವ ಊರು, ಯಾವ ಗುತ್ತು, ಅಂದರೆ ಯಾವ ಜಮೀನ್ದಾರರ ಮನೆ, ಯಾರ ಮೊಮ್ಮಗಳು ಎಂಬುದು ಆ ಒಂದು ಪ್ರಶ್ನೆಯ ಬೆನ್ನಿಗೆ ಬಿಚ್ಚಿಕೊಳ್ಳುತ್ತದೆ. ಇಬ್ಬರದೂ ಮನೆಮಾತು ತುಳು ಎಂದು ಅಕ್ಷಿತಾಗೂ ಗೊತ್ತಿತ್ತು, ಹಿತೇಶನಿಗೂ ಗೊತ್ತಿತ್ತು. ಆದರೂ ಅವರು ತಮ್ಮೊಳಗೆ ಕನ್ನಡವನ್ನೇ ಇಟ್ಟುಕೊಂಡರು. ಮೊದಮೊದಲು ಅದು ತಮಾಷೆ, ಚಿಹಾನೆ ಮತ್ತು ಬೂದುಗರಿಯ ಹಾಗೆ. ಆಮೇಲೆ ಅದರ ಉಪಯೋಗ ತಿಳಿಯಿತು. ಅವರು ಹೋಗುತ್ತಿದ್ದ ಐಸ್‌ಕ್ರೀಮ್ ಪಾರ್ಲರಿನ ಸಪ್ಲಾಯರ್, ಕನ್ನಡ ಮಾತಾಡುವ ಈ ಜೋಡಿಯನ್ನು ಘಟ್ಟದ ಮೇಲಿನವರೆಂದು ತಿಳಿದು, ನಿಮ್ಮ ಕಡೆ ಚಳಿ ಹೇಗುಂಟು ಎಂದು ವಿಚಾರಿಸುತ್ತಿದ್ದ. ಯಾರೂ ಮನೆ ಕೇಳಲಿಲ್ಲ. ಅವರೂ ಪರಸ್ಪರ ಕೇಳಿಕೊಳ್ಳಲಿಲ್ಲ. ಜಾತಿ ಬೇರೆ ಎಂಬಷ್ಟು ಹೆಸರಿನಿಂದಲೇ ತಿಳಿದಿತ್ತು. ಅಷ್ಟು ಸಾಕು ಎಂದುಕೊಂಡಿದ್ದರು.

ಬೂದುಗರಿ ಯಾಕೆ ಇಷ್ಟವಾಗುತ್ತಾನೆ ಎಂಬುದು ಅವರ ನಡುವಿನ ಮುಗಿಯದ ವಾದ. ಗುಟ್ಟು ಇರುವುದರಿಂದ ಎಂಬುದನ್ನು ಅಕ್ಷಿತಾ ಒಪ್ಪುತ್ತಿರಲಿಲ್ಲ. ಮೂರನೆಯ ಕಂತಿನಲ್ಲೇ ಒಡೆದ ಗುಟ್ಟು ಅದೆಂಥ ಗುಟ್ಟು? ಅವನು ಯುದ್ಧವನ್ನು ತಾನು ಗೆಲ್ಲುವುದಿಲ್ಲ, ಅದಕ್ಕೆ ಇಷ್ಟ ಎನ್ನುತ್ತಿದ್ದಳು. ಚಿಹಾನೆ ಎದ್ದು ನಿಲ್ಲುವಷ್ಟು ಹೊತ್ತು ನೆರಳನ್ನು ತಡೆದು ಹಿಡಿಯುತ್ತಾನೆ, ಅವಳು ಲಾಂದ್ರ ಎತ್ತಿದ ಕೂಡಲೇ ಹೊರಟುಹೋಗುತ್ತಾನೆ. ಉಪಕಾರ ಮಾಡಿ ಎದುರು ನಿಂತುಕೊಳ್ಳುವವರನ್ನೇ ಕಂಡವರಿಗೆ, ಮಾಡಿ ಹೋಗುವವನೊಬ್ಬ ಎದೆಗೆ ನಾಟುತ್ತಾನೆ. ಹಿತೇಶನ ಲೆಕ್ಕ ಬೇರೆ.

"ಅದೆಲ್ಲ ಆಮೇಲಿನದು. ಮುಖವಾಡ ಹಾಕಿದವನ ಹತ್ರ ಮನೆ ಎಲ್ಲಿ ಅಂತ ಯಾರೂ ಕೇಳುದಿಲ್ಲ. ಹಾಗೆ ಕೇಳ್ಲಿಕ್ಕಿಲ್ಲ ಅಂತಲೇ ನಮಗೆ ಅವನ ಮೇಲೆ ಆಸೆ."

ಈ ವರ್ಷ ಅಕ್ಷಿತಾಳ ಮನೆಯಲ್ಲಿ ಅವಳ ಮದುವೆಯ ಮಾತು ಬಲವಾಯಿತು. ತಂದೆ ಜಯಪಾಲ ಮಂಗಳೂರಿನಲ್ಲಿ ಎರಡು ಹೋಟೆಲು ನಡೆಸುವವರು, ಮಾತು ಕಡಿಮೆ. ತಾಯಿ ಶಶಿಪ್ರಭಾ ಮಾತ್ರ ಒಂದು ಸಂಬಂಧ ಬಂದಿದೆ ಎಂದರು, ಬೇಡವಾದರೆ ಬೇಡ, ಆದರೆ ಯಾರಾದರೂ ಇದ್ದರೆ ಬಾಯಿ ಬಿಟ್ಟು ಹೇಳು ಎಂದರು. ದೀಪಾವಳಿಯೊಳಗೆ ಹೇಳುತ್ತೇನೆ ಎಂದು ಅಕ್ಷಿತಾ ಮಾತು ಕೊಟ್ಟಳು. ತಂದೆಯೊಡನೆ ಆಡಬೇಕಾದ ಜಗಳವನ್ನು ಸ್ನಾನದ ಕೋಣೆಯಲ್ಲಿ ಅಭ್ಯಾಸ ಮಾಡಿಕೊಂಡಳು. ಆದರೆ ಅದಕ್ಕೆ ಮೊದಲು ಹಿತೇಶನ ತಂದೆಗೆ ಅವಳು ಮೆಚ್ಚಿಗೆಯಾಗಬೇಕಿತ್ತು. ಆ ಉಪಾಯ ಹಿತೇಶನದೇ. ಅವನ ಅಪ್ಪ, ಬೂಬ ಎಂದು ಹೆಸರು, ಹಂಚಿನ ಕಾರ್ಖಾನೆಯ ಯಂತ್ರಗಳ ನಡುವೆ ದುಡಿದು ಕಿವಿ ಕಳೆದುಕೊಂಡವರು. ಹೇಗೂ ಯಂತ್ರ ಹಾಕಿಸಬೇಕು. ಅವಳ ಹತ್ತಿರವೇ ಹಾಕಿಸೋಣ. ಬರೇ ಡಾಕ್ಟರಮ್ಮ ಎಂದು ನೋಡಲಿ, ಮೊದಲು ಇಷ್ಟವಾಗಲಿ, ಮತ್ತೆ ಹೇಳೋಣ.

"ಅಂದ್ರೆ ಈಗ ಮುಖವಾಡ ನನಗೆ," ಎಂದು ಅವಳು ನಕ್ಕಿದ್ದಳು.

ಬೂಬ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ತೆಳ್ಳಗಿನ ಮನುಷ್ಯ, ಕುರ್ಚಿಯ ತುದಿಯಲ್ಲಿ ಕುಳಿತು, ಮಗ ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತಿದ್ದರು. ಏನೂ ಕೇಳಿಸುತ್ತಿಲ್ಲವೆಂದು ಅದರಲ್ಲೇ ತಿಳಿಯುತ್ತಿತ್ತು. ಅಕ್ಷಿತಾ ಯಂತ್ರವನ್ನು ಎರಡೂ ಕಿವಿಗೆ ಕೂರಿಸಿ, ಲ್ಯಾಪ್‌ಟಾಪಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಶಬ್ದ ಏರಿಸಿದಳು. ಫ್ಯಾನಿನ ಸದ್ದಿಗೆ ಬೂಬ ತಲೆ ಎತ್ತಿ ಮೇಲೆ ನೋಡಿದರು. ಹೊರಗೆ ಯಾರೋ ಟ್ರಾಲಿ ಎಳೆದರೆ ಅತ್ತ ತಿರುಗಿದರು. ಹಿತೇಶ್ ಅವರ ಬೆನ್ನ ಹಿಂದಿನಿಂದ ಮೆಲ್ಲಗೆ ಅಪ್ಪಾ ಎಂದ. ಅವರು ತಿರುಗಿದರು. ಎಷ್ಟೋ ವರ್ಷಗಳ ಮೇಲೆ, ಕೂಗದೆ ಕರೆದದ್ದು ಅವರಿಗೆ ಕೇಳಿಸಿತ್ತು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಕೊನೆಗೊಂದು ಮಾತಿನ ಪರೀಕ್ಷೆ ಇದೆ. ಪದಗಳನ್ನು ಹೇಳಬೇಕು, ರೋಗಿ ತಿರುಗಿ ಹೇಳಬೇಕು. ಅದನ್ನು ರೋಗಿಯ ಮನೆಮಾತಿನಲ್ಲೇ ಮಾಡಬೇಕು, ಇಲ್ಲವಾದರೆ ಫಲಿತಾಂಶ ನಂಬಲು ಬರುವುದಿಲ್ಲ. ಅಕ್ಷಿತಾ ಕೆಲಸದಲ್ಲಿ ರಿಯಾಯಿತಿ ತೋರಿಸುವವಳಲ್ಲ. ಅಷ್ಟು ಹೊತ್ತು ಕನ್ನಡದಲ್ಲಿದ್ದವಳು ತುಳುವಿಗೆ ತಿರುಗಿದಳು. ನೀರ್ ಎಂದಳು. ಮರ ಎಂದಳು. ಬಾಲೆ ಎಂದಳು. ಇಲ್ಲ್ ಎಂದಳು. ಬೂಬ ಒಂದೊಂದನ್ನೂ ತಪ್ಪಿಲ್ಲದೆ ಹೇಳಿ, ಪಾಸಾದ ಹುಡುಗನಂತೆ ನಕ್ಕು, ತಾವೇ ಕೇಳಿದರು.

"ಇರೆನ ಇಲ್ಲ್ ಓಲಮ್ಮಾ?"

ಅವಳು ನಂತೂರು ಎನ್ನಬಹುದಿತ್ತು. ಅವಳ ಮನೆ ಇದ್ದದ್ದು ಅಲ್ಲಿಯೇ. ಆದರೆ ತುಳುವಿನಲ್ಲಿ ಹಿರಿಯರು ಮನೆ ಕೇಳಿದರೆ ಮೂಲದ ಮನೆ ಹೇಳಬೇಕೆಂದು ಅಜ್ಜಿ ಚಿಕ್ಕಂದಿನಲ್ಲೇ ಕಲಿಸಿದ್ದರು. ಮೆಚ್ಚಿಗೆಯಾಗಬೇಕೆಂಬ ಆಸೆಯೂ ಇತ್ತು. ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ, ಖುಷಿಯಲ್ಲೇ, ಪಡುಬೈಲುಗುತ್ತು ಎಂದಳು.

ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಬೂಬ ಎದ್ದು ನಿಂತಿದ್ದರು.

ಅವರ ಮುಖದಲ್ಲಿ ಅವಮಾನ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಸಂತೋಷವಿತ್ತು. ಅವರ ತಂದೆ ಆ ಗುತ್ತಿನ ಒಕ್ಕಲು. ಭೂಸುಧಾರಣೆ ಬಂದು ಡಿಕ್ಲರೇಶನ್ ಆಗಿ ಗದ್ದೆ ಕೈಗೆ ಬರುವ ಮೊದಲು, ಹುಡುಗನಾಗಿದ್ದಾಗ ತಾವೇ ತಲೆಹೊರೆಯಲ್ಲಿ ಗೇಣಿಯ ಅಕ್ಕಿ ತಂದು ಆ ಅಂಗಳದಲ್ಲಿ ನಿಂತು ಅಳೆದುಕೊಟ್ಟದ್ದನ್ನು ಅವರು ಹೇಳಿದರು. ಚಾವಡಿಯಲ್ಲಿ ಕೂರುತ್ತಿದ್ದ ದೊಡ್ಡ ಧಣಿಗಳು, ಬೆಲ್ಲ ಕೊಡುತ್ತಿದ್ದ ಅಮ್ಮ. ಆ ಅಮ್ಮನ ಮೊಮ್ಮಗಳು ತಮ್ಮ ಕಿವಿ ಮುಟ್ಟಿ ಯಂತ್ರ ಇಟ್ಟಳಲ್ಲ ಎಂದು ಕೈ ಜೋಡಿಸಿದರು. ಅಕ್ಷಿತಾ ಕುಲ್ಲುಲೆ ಎಂದಳು, ಕೂತುಕೊಳ್ಳಿ ಎಂದು ಕನ್ನಡದಲ್ಲೂ ಹೇಳಿದಳು. ಬೇಡಮ್ಮ, ನಿಂತೇ ಕೇಳ್ತೇನೆ, ಈಗ ಚಂದ ಕೇಳ್ತದೆ ಎಂದರು ಬೂಬ. ಬ್ಯಾಟರಿ ಹಾಕುವ ಕ್ರಮ, ಒದ್ದೆ ಮಾಡಬಾರದೆಂಬ ಎಚ್ಚರಿಕೆ ಎಲ್ಲವನ್ನೂ ನಿಂತೇ ಕೇಳಿಸಿಕೊಂಡರು. ಅವಳು ಕುಳಿತೇ ಹೇಳಿದಳು. ತಾನೂ ಎದ್ದು ನಿಲ್ಲಬಹುದಿತ್ತು ಎಂಬುದು ಅವಳಿಗೆ ಹೊಳೆದದ್ದು ಸಂಜೆ, ಸ್ಕೂಟರ್ ನಿಲ್ಲಿಸುವಾಗ.

ಹಿತೇಶ್ ಅಪ್ಪನ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದವನು, ಹೊರಡುವಾಗ ಅದನ್ನು ಮೇಜಿನ ಹತ್ತಿರಕ್ಕೆ ಸರಿಯಾಗಿ ದೂಡಿಟ್ಟು ಹೋದ.

ಆ ವಾರ ಅವನ ಫೋನ್ ಬರಲಿಲ್ಲ. ಅವಳು ಮಾಡಿದರೆ ಅಂಗಡಿಯಲ್ಲಿ ರಶ್ ಉಂಟು ಎನ್ನುತ್ತಿದ್ದ. ಕೊನೆಗೆ ಅವಳೇ ಹಟ ಹಿಡಿದು ಐಸ್‌ಕ್ರೀಮ್ ಪಾರ್ಲರಿಗೆ ಬರಹೇಳಿದಳು. ಅವನು ಬಂದು, ಕುಳಿತು, ಮೊದಲ ಬಾರಿಗೆ ಅವಳೊಡನೆ ತುಳುವಿನಲ್ಲಿ ಮಾತಾಡಿದ. ಬೇರೆ ಮನುಷ್ಯನೊಬ್ಬ ಮಾತಾಡಿದಂತಿತ್ತು. ದನಿ ಸಣ್ಣದು, ವಾಕ್ಯಗಳು ಗಿಡ್ಡ, ಕಾಮೆಂಟರಿಯ ಏರಿಳಿತ ಎಲ್ಲಿಯೂ ಇಲ್ಲ. ಸಿಟ್ಟಿಲ್ಲ ಎಂದ. ಅಪ್ಪನಿಗೆ ಎಲ್ಲವನ್ನೂ ಹೇಳಿದ್ದೇನೆ ಎಂದ.

ಅವರು ಬೇಡ ಎಂದರಾ ಎಂದು ಅವಳು ಕೇಳಿದಳು.

"ಬೇಡ ಅನ್ನಲಿಲ್ಲ. ಆ ಮನೆಯ ಮಗುವಿನ ಹೆಸರು ಕೆಡಿಸಬೇಡ ಅಂದರು."

ತನ್ನ ತಂದೆ ಬೇಡ ಎಂದರೆ ಹೇಳಲು ಅವಳ ಬಳಿ ನೂರು ಉತ್ತರ ತಯಾರಿದ್ದವು. ಇಲ್ಲಿ ಬೇಡ ಎಂದವರೇ ಇರಲಿಲ್ಲ. ನಾನೇ ನಿಮ್ಮ ಮನೆಗೆ ಬರುತ್ತೇನೆ, ಅವರೆದುರು ನೆಲದ ಮೇಲೆ ಕೂರುತ್ತೇನೆ ಎಂದಳು.

"ನೀನು ನೆಲದಲ್ಲಿ ಕೂತರೆ ಅವರು ಅಂಗಳಕ್ಕೆ ಇಳೀತಾರೆ." ಅವನು ಚಮಚವನ್ನು ಕಪ್ಪಿನಲ್ಲಿ ನೆಟ್ಟಗೆ ನಿಲ್ಲಿಸಲು ನೋಡುತ್ತಿದ್ದ. "ಅವರಿಗೆ ಕೇಳಲಿ ಅಂತ ಯಂತ್ರ ಹಾಕಿಸಿದೆ. ಕೇಳಿತು. ಕೇಳಿದ ಕೂಡಲೇ ಎದ್ದು ನಿಂತರು. ಇನ್ನು ನಾನು ನಿನ್ನ ಪಕ್ಕದಲ್ಲಿ ಎಲ್ಲಿ ಕೂತರೂ ಅವರು ನಿಂತದ್ದೇ ಕಾಣ್ತದೆ ನನಗೆ."

"ಬೂದುಗರಿ ಮುಖವಾಡ ತೆಗೆದ ಮೇಲೂ ಅದೇ ಹುಡುಗ ಅಲ್ವಾ?" ಅವಳು ಇದನ್ನು ಕನ್ನಡದಲ್ಲೇ ಕೇಳಿದಳು, ಹಳೆಯ ಜಾಗಕ್ಕೆ ಅವನನ್ನು ಎಳೆದುಕೊಳ್ಳುವಂತೆ.

"ಹೌದು. ಅವನಿಗೆ ಅಪ್ಪ ಇಲ್ಲ. ಆ ಕಥೆಯಲ್ಲಿ ಯಾರ ಅಪ್ಪನೂ ಬರುದಿಲ್ಲ, ನೋಡಿದ್ದೀಯಾ?"

ಬಿಲ್ಲು ತಂದಿಟ್ಟ ಸಪ್ಲಾಯರ್ ಅಲ್ಲೇ ನಿಂತುಬಿಟ್ಟ. ಹಿತೇಶನ ತುಳು ಅವನ ಕಿವಿಗೆ ಬಿದ್ದಿತ್ತು. ಇಷ್ಟು ದಿನ ಮೋಸ ಮಾಡಿದಿರಲ್ಲ ಮಾರಾಯ್ರೇ, ನಾನು ನಿಮ್ಮನ್ನು ಶಿವಮೊಗ್ಗದವರು ಅಂತ ಎಣಿಸಿದ್ದೆ ಎಂದು ಹಲ್ಲು ಬಿಟ್ಟು ನಕ್ಕು, ಅಷ್ಟೇ ಪ್ರೀತಿಯಿಂದ, ಇಬ್ಬರನ್ನೂ ಒಟ್ಟಿಗೆ ನೋಡುತ್ತ ಕೇಳಿದ.

"ಇಲ್ಲ್ ಓಲು?"

ಹಿತೇಶ್ ಬಿಲ್ಲಿನ ದುಡ್ಡು ಎಣಿಸಿ ಇಟ್ಟ. ಸಪ್ಲಾಯರ್ ಮುಖ ಸಪ್ಪಗೆ ಮಾಡಿಕೊಂಡು, ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಹೋದ.

ಸರಣಿಯ ಕೊನೆಯ ಕಂತು ಬಾಕಿ ಇತ್ತು. ಹಿತೇಶ್ ಶನಿವಾರ ಬಂದು ಹೋದನೆಂದು ಇಸಿದೋರ್ ಹೇಳಿದ. ಇಬ್ಬರ ನಡುವೆ ಏನೋ ಆಗಿದೆಯೆಂದು ಇಸಿದೋರನಿಗೆ ಅಂದಾಜಿತ್ತು, ಕೇಳಲಿಲ್ಲ. ಅಕ್ಷಿತಾ ಬೂತಿನೊಳಗೆ ಹೋದಾಗ ಸ್ಟೂಲು ಮೂಲೆಯಲ್ಲಿತ್ತು. ಮೈಕು ಎಂದಿಗಿಂತ ಮೇಲಿತ್ತು, ಅವಳ ಹಣೆಯ ಹತ್ತಿರ.

"ಅವ ಈ ಸಲ ಕೂರಲೇ ಇಲ್ಲ ಮಾರಾಯ್ತಿ," ಎಂದ ಇಸಿದೋರ್ ಗಾಜಿನ ಆಚೆಯಿಂದ. "ಎಲ್ಲಾ ನಿಂತೇ ಹೇಳಿದ. ಮೈಕ್ ಇಳಿಸಿಕೊಳ್ಳಿ."

ಅವಳು ಇಳಿಸಲಿಲ್ಲ. ಪರದೆಯ ಮೇಲೆ ದೃಶ್ಯ ಶುರುವಾಯಿತು. ಊರಿನ ದೀಪಗಳೆಲ್ಲ ಹೊತ್ತಿಕೊಂಡಿವೆ. ಚಿಹಾನೆ ಕೈ ಎತ್ತಿ ಕೊಕ್ಕರೆಯ ಮುಖವಾಡವನ್ನು ತೆಗೆಯುತ್ತಾಳೆ. ಒಳಗೆ ಕಿಟಕಿಗಾಗಿ ಜಗಳವಾಡುವ ಹುಡುಗ. ಹೆಡ್‌ಫೋನಿನಲ್ಲಿ ಹಿತೇಶನ ದನಿ, ಅದೇ ತುಂಬಿದ ಪುಸ್ತಕದ ಕನ್ನಡದಲ್ಲಿ, "ಇಷ್ಟೇ ನಾನು. ಇದಕ್ಕಿಂತ ಹೆಚ್ಚಿನವನಲ್ಲ" ಎಂದಿತು. ಅವಳು ಕಾದಳು. ಸ್ಟೂಲು ಕಿರ್ ಎನ್ನಲಿಲ್ಲ. ನೀರು ಕುಡಿ ಎಂದು ಯಾರೂ ಹೇಳಲಿಲ್ಲ. ಖಾಲಿ ಬೂತಿನ ಸದ್ದು ಸ್ವಲ್ಪ ಹೊತ್ತು ಓಡಿ ನಿಂತಿತು. ಶಬ್ದವೇ ಇಲ್ಲವೆಂದು ಬೇರೆಯವರು ಅನ್ನುವಲ್ಲಿ ಎಷ್ಟು ಶಬ್ದವಿದೆಯೆಂದು ಅಳೆದು ಹೇಳುವುದು ಅವಳ ವೃತ್ತಿ. ಇದರಲ್ಲಿ ಒಬ್ಬ ಮನುಷ್ಯ ಉಸಿರು ಬಿಗಿಹಿಡಿದು ನಿಂತಿದ್ದ, ಅಷ್ಟೇ.

ಅವಳ ಮಾತು ಒಂದೇ ಸಾಲು: "ನೀನೇ ಎಂದು ನನಗೆ ಗೊತ್ತಿತ್ತು." ಎತ್ತರದ ಮೈಕಿಗೆ ಮುಖ ಎತ್ತಿ ಹೇಳಿದಳು. ಗದ್ದ ಮೇಲೆ ಹೋದದ್ದಕ್ಕೋ ಏನೋ, ದನಿ ತೆರೆದುಕೊಂಡಿತು, ನಗುವ ಹುಡುಗಿಯ ದನಿಯಾಗಿಯೇ ಬಂತು. ಇಸಿದೋರ್ ಇದೇ ಓಕೆ ಎಂದ. ಇನ್ನೊಂದು ಟೇಕ್ ತೆಗೆಯುವ ಅಭ್ಯಾಸದವನು, ತೆಗೆಯಲಿಲ್ಲ. ಇಗರ್ಜಿಯ ಗಂಟೆ ಬಡಿಯತೊಡಗಿತು. ಗಂಟೆ ನಿಲ್ಲುವ ತನಕ ಹೇಗೂ ರೆಕಾರ್ಡ್ ಮಾಡುವ ಹಾಗಿರಲಿಲ್ಲ. ಅವಳು ಬೂತಿನೊಳಗೇ ಇದ್ದಳು.

ದೀಪಾವಳಿ ಬಂತು. ಶಶಿಪ್ರಭಾ ಕೇಳಿದಾಗ ಅಕ್ಷಿತಾ ಯಾರೂ ಇಲ್ಲ ಎಂದಳು. ತಾಯಿ ಅವಳ ಮುಖವನ್ನು ನೋಡಿ, ಮತ್ತೆ ಆ ಮಾತು ಎತ್ತಲಿಲ್ಲ. ತಂದೆಗೆ ಏನೂ ಗೊತ್ತಾಗಲಿಲ್ಲ. ಅವಳು ಅಭ್ಯಾಸ ಮಾಡಿದ್ದ ಜಗಳ ಹಾಗೆಯೇ ಉಳಿಯಿತು.

ಹೊಸ ಯಂತ್ರ ಹಾಕಿದವರು ಕೆಲವು ವಾರಗಳ ಮೇಲೆ ಮತ್ತೆ ಬರಬೇಕು, ಹೊಂದಾಣಿಕೆಗೆ. ಬೂಬ ಬರುವ ದಿನ ಅಕ್ಷಿತಾ ಜೊತೆಯಲ್ಲಿ ಕೆಲಸ ಮಾಡುವ ಡ್ಯಾಫ್ನಿಯನ್ನು ಕೇಳಿಕೊಂಡಳು. ನೀನು ಒಳಗೆ ಕೂತು ಮಾತಾಡು, ನಾನು ಇಲ್ಲಿಂದ ಸರಿಮಾಡ್ತೇನೆ. ಕಾರಣ ಹೇಳಲಿಲ್ಲ. ಪರೀಕ್ಷೆಯ ಕೋಣೆಗೂ ಯಂತ್ರಗಳ ಕೋಣೆಗೂ ನಡುವೆ ದಪ್ಪ ಗಾಜು. ಈಚೆ ಬದಿಯ ದೀಪ ಆರಿಸಿದರೆ ಆಚೆಯವರಿಗೆ ಗಾಜಿನಲ್ಲಿ ತಮ್ಮ ಮುಖವೇ ಕಾಣುತ್ತದೆ. ಅಕ್ಷಿತಾ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಕುಳಿತಳು.

ಬೂಬ ಅದೇ ಬಿಳಿ ಅಂಗಿಯಲ್ಲಿ ಬಂದರು. ಹಿತೇಶ್ ಜೊತೆಗಿದ್ದ, ಸ್ವಲ್ಪ ಇಳಿದುಹೋಗಿದ್ದ. ಡ್ಯಾಫ್ನಿ ತುಳುವಿನಲ್ಲಿ ಹೇಗುಂಟು ಎಂದು ವಿಚಾರಿಸಿದಳು. ಎಲ್ಲ ಚಂದ ಕೇಳುತ್ತದೆ, ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ಮಾತ್ರ ತಲೆಗೆ ಮೊಳೆ ಹೊಡೆದಂತಾಗುತ್ತದೆ, ಹೆಂಡತಿ ಬೇಕೆಂದೇ ಬೀಳಿಸುತ್ತಾಳೆ ಎಂದು ಅವರು ದೂರಿದರು. ಅಕ್ಷಿತಾ ತಾರಕದ ಶಬ್ದಗಳನ್ನು ಎರಡು ಹಂತ ಇಳಿಸಿದಳು. ಡ್ಯಾಫ್ನಿ ಸ್ಟೀಲಿನ ಟ್ರೇಗೆ ಚಮಚ ಬಡಿದಳು. ಈಗ ಲಾಯಕ್ಕಾಯಿತು ಎಂದರು ಬೂಬ. ಮತ್ತೆ, ಕುರ್ಚಿಗೆ ಬೆನ್ನು ಚೆನ್ನಾಗಿ ಒರಗಿಸಿ, ಕಾಲ ಮೇಲೆ ಕಾಲು ಹಾಕಿಕೊಂಡು, ಕೇಳಿದರು.

"ಇರೆನ ಇಲ್ಲ್ ಓಲಮ್ಮಾ?"

ಬೆಂದೂರು ಎಂದಳು ಡ್ಯಾಫ್ನಿ. ಬೆಂದೂರಿನಲ್ಲಿ ತಮಗೆ ಗೊತ್ತಿದ್ದ ಒಬ್ಬ ಹಂಚಿನ ಕಾರ್ಖಾನೆಯ ಮೇಸ್ತ್ರಿಯ ಕಥೆಯನ್ನು ಬೂಬ ಶುರುಮಾಡಿದರು. ಕುಳಿತೇ ಇದ್ದರು. ಅಕ್ಷಿತಾ ಅವರ ದನಿಯನ್ನು ಸ್ವಲ್ಪ ಏರಿಸಿಕೊಂಡು ಕೇಳಿದಳು.

ಹಿತೇಶ್ ಗಾಜಿನ ಕಡೆ ತಿರುಗಿದ. ಯಂತ್ರ ತಾನಾಗಿ ಸರಿಹೋಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಕಪ್ಪು ಗಾಜಿನಲ್ಲಿ ಅವನು ತನ್ನ ಮುಖವನ್ನೇ ನೋಡುತ್ತಿದ್ದಿರಬೇಕು, ತುಂಬ ಹೊತ್ತು ನೋಡಿದ. ಅವಳ ಬೆರಳ ಕೆಳಗೆ ಒಳಕೋಣೆಗೆ ಮಾತಾಡುವ ಗುಂಡಿಯಿತ್ತು. ಒತ್ತಿದರೆ ಅವಳ ದನಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಸ್ಪಷ್ಟವಾಗಿ, ಬೂಬರಿಗೆ ಕೇಳಿಸುತ್ತಿತ್ತು.

ಅವಳು ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಗಾಜಿನ ಆಚೆ ಮೇಸ್ತ್ರಿಯ ಕಥೆ ಇನ್ನೂ ಮುಗಿದಿರಲಿಲ್ಲ.